ಮೊದಲು ಕಣ್ಣು ಹಿಡಿಯಲಿ, ಆಮೇಲೆ ಕೈ

ಮಕ್ಕಳೇ, ಸುಲಭದ ಕ್ಯಾಚ್ ಬಿಟ್ಟ ಹುಡುಗನ ಮುಖವನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮಲ್ಲಿ ಕೆಲವರು ಆ ಹುಡುಗನೇ ಆಗಿದ್ದಿರಬಹುದು. ಚೆಂಡು ನೆಲಕ್ಕೆ ಬಿದ್ದ ಕೂಡಲೇ ಅವನು ಚೆಂಡಿನ ಕಡೆ ನೋಡುವುದಿಲ್ಲ. ಮೊದಲು ಗೆಳೆಯರ ಮುಖ ನೋಡುತ್ತಾನೆ. ಆಮೇಲೆ, ಅಪ್ಪ ಬಂದಿದ್ದಾರೆಯೇ ಎಂದು ಮೈದಾನದ ಅಂಚಿನ ಕಡೆ ನೋಡುತ್ತಾನೆ. ಅಂಥ ಮುಖವೊಂದನ್ನು ಕಳೆದ ವರ್ಷ ನಾನು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೋಡಿದೆ. ಅದು ನನ್ನ ಮೊಮ್ಮಗನ ಮುಖ.

ಡಲ್ಲಾಸ್ ನಗರದ ಹೊರವಲಯದಲ್ಲಿ ನನ್ನ ಮಗನ ಮನೆ. ಮೊಮ್ಮಗನಿಗೆ ಹನ್ನೆರಡು ವರ್ಷ, ಏಳನೇ ತರಗತಿ. ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ಕಾಲಲ್ಲಿ ಒದೆಯುವ ಆಟವೆಂದೇ ನಾನು ತಿಳಿದಿದ್ದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ನಮ್ಮ ಫುಟ್‌ಬಾಲಿಗೆ ಅವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್ ಬಹುಮಟ್ಟಿಗೆ ಕೈಯಲ್ಲಿ ಆಡುವ ಆಟ!

ಬಿಟ್ಟರೆ ಏನಾಗುತ್ತದೆ?

ಆಟವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಎರಡು ತಂಡ, ಒಂದೊಂದರಲ್ಲಿ 11 ಮಂದಿ. ಮೈದಾನದ ಉದ್ದ 100 ಗಜ, ಎರಡು ತುದಿಗಳಲ್ಲೂ ಇನ್ನು ಹತ್ತತ್ತು ಗಜದ ಪಟ್ಟಿ. ಎದುರಾಳಿಯ ಪಟ್ಟಿಯೊಳಗೆ ಚೆಂಡನ್ನು ಸೇರಿಸಿದರೆ ಅದು ಟಚ್‌ಡೌನ್, ಆರು ಅಂಕ. ಚೆಂಡು ದುಂಡಗಿರುವುದಿಲ್ಲ. ಜುಟ್ಟು ತೆಗೆದ ತೆಂಗಿನಕಾಯಿಯ ಎರಡು ತುದಿಯನ್ನೂ ಹಿಡಿದು ಚೂಪಾಗಿ ಎಳೆದರೆ ಹೇಗಿದ್ದೀತೋ ಹಾಗೆ. ದೊಡ್ಡವರ ಚೆಂಡು ಸುಮಾರು 28 ಸೆಂಟಿಮೀಟರ್ ಉದ್ದ, 400 ಗ್ರಾಂಗೂ ಸ್ವಲ್ಪ ಹೆಚ್ಚು ತೂಕ. ಮಕ್ಕಳದ್ದು ಇನ್ನೂ ಚಿಕ್ಕದು.

ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಚೆಂಡನ್ನು ಬುಗುರಿಯಂತೆ ತಿರುಗಿಸಿ ಎಸೆಯುತ್ತಾನೆ. ರಿಸೀವರ್ ಓಡಿಹೋಗಿ ಅದನ್ನು ಹಿಡಿಯಬೇಕು. ಹಿಡಿಯದೆ ನೆಲಕ್ಕೆ ಬಿದ್ದರೆ ಒಂದು ಪ್ರಯತ್ನ ವ್ಯರ್ಥ. ಅವನ ಕೈಗೆ ಬಡಿದು ಪುಟಿದ ಚೆಂಡು ನೆಲ ಮುಟ್ಟುವ ಮೊದಲೇ ಎದುರಾಳಿಗೆ ಸಿಕ್ಕರೆ ಚೆಂಡೇ ಅವರ ಪಾಲು.

ಕ್ರಿಕೆಟ್‌ನಲ್ಲಿ ನಾವು ಹಿಡಿಯುವುದು ಎದುರಾಳಿ ಹೊಡೆದ ಚೆಂಡನ್ನು. ಇಲ್ಲಿ ಹಿಡಿಯಬೇಕಾದದ್ದು ತನ್ನ ಗೆಳೆಯ ತನ್ನನ್ನೇ ನಂಬಿ ಎಸೆದದ್ದನ್ನು. ಹಾಗಾಗಿ ಬಿಟ್ಟವನಿಗೆ ಸಂಕಟ ಒಂದು ಪಟ್ಟು ಹೆಚ್ಚು.

ನನ್ನ ಮೊಮ್ಮಗ ರಿಸೀವರ್. ನಾನು ನೋಡಿದ ಮೊದಲ ಪಂದ್ಯದ ಕೊನೆಯಲ್ಲಿ ಅವನ ಸುತ್ತ ಎದುರಾಳಿಗಳು ಯಾರೂ ಇರಲಿಲ್ಲ. ಚೆಂಡು ನೇರ ಅವನ ಕೈಗೇ ಬಂತು. ಬಂದಷ್ಟೇ ವೇಗದಲ್ಲಿ ಜಾರಿ ಬಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಗ ಎದ್ದುನಿಂತು ಕೂಗಿದ: "ಕೈಗೆ ಬಂದಿದ್ದನ್ನ ಬಿಡ್ತೀಯಲ್ಲೋ!"

ಕೂಗಿದ್ದು ಕನ್ನಡದಲ್ಲಿ. ಸುತ್ತ ಕೂತವರಿಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದಿದ್ದವನಿಗೆ ಆಯಿತು. ಮನೆಗೆ ಹಿಂತಿರುಗುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಶಂಕರಪೋಳಿಯೂ ಬೊಗಸೆಯೂ

ಎರಡು ದಿನದ ಮೇಲೆ ಅಭ್ಯಾಸ ನೋಡಲು ಹೋದೆ. ಅಲ್ಲಿ ತರಬೇತುದಾರರನ್ನು ಮಕ್ಕಳು 'ಕೋಚ್' ಎಂದೇ ಕರೆಯುತ್ತಾರೆ. ಆ ಕೋಚ್ ಏನಾದರೂ ಬೈಯುತ್ತಾರೇನೋ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಕ್ಯಾಚ್ ಬಿಟ್ಟಿದ್ದ ಮೂವರನ್ನು ಪಕ್ಕಕ್ಕೆ ಕರೆದು, "ಚೆಂಡು ಯಾಕೆ ಬಿತ್ತು, ಹೇಳಿ" ಎಂದರು. ಬೈಗುಳದ ಪ್ರಶ್ನೆಯಲ್ಲ, ನಿಜವಾದ ಪ್ರಶ್ನೆ. ಕಾರಣ ಗೊತ್ತಾದರೆ ತಾನೇ ಮದ್ದು?

ಮೊದಲ ಕಾರಣ ಕೈಯ ಆಕಾರ. ಚೆಂಡು ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬಂದರೆ ಎರಡು ಹೆಬ್ಬೆರಳೂ ಎರಡು ತೋರುಬೆರಳೂ ಹತ್ತಿರ ಬರಬೇಕು. ನಡುವೆ ಉಳಿಯುವ ಜಾಗ ನಮ್ಮ ಶಂಕರಪೋಳಿಯ ಆಕಾರದಲ್ಲಿರುತ್ತದೆ. ಚೆಂಡಿನ ಚೂಪು ಮೂತಿ ಆ ಕಿಂಡಿಗೆ ಬರಬೇಕು. ಸೊಂಟಕ್ಕಿಂತ ಕೆಳಗೆ ಬಂದರೆ ಕೈ ತಿರುಗಬೇಕು. ಆಗ ಕಿರುಬೆರಳುಗಳು ಕೂಡಿ ಬೊಗಸೆಯಾಗುತ್ತದೆ. ಈ ತಿರುವು ಓಡುತ್ತಿರುವಾಗಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು.

ಎರಡನೆಯದು, ಚೆಂಡನ್ನು ಎದೆಯಲ್ಲಿ ಹಿಡಿಯಲು ಹೋಗುವುದು. ಈ ಆಟಗಾರರು ಭುಜ, ಎದೆಗೆ ಗಟ್ಟಿ ಕವಚ ಕಟ್ಟಿಕೊಂಡಿರುತ್ತಾರೆ. ಅದಕ್ಕೆ ಬಡಿದ ಚೆಂಡು ಗೋಡೆಗೆ ಬಡಿದಂತೆ ಪುಟಿಯುತ್ತದೆ. ಆದ್ದರಿಂದ ಕೈ ಮುಂದೆ ಚಾಚಿ ಬೆರಳುಗಳಲ್ಲೇ ಹಿಡಿಯಬೇಕು. ಹಿಡಿಯುವಾಗ ಮೊಣಕೈ ಸ್ವಲ್ಪ ಸಡಿಲವಾಗಿರಬೇಕು. ಯಾರಾದರೂ ಮೊಟ್ಟೆ ಎಸೆದರೆ ನಾವು ಕೈಯನ್ನು ಹಿಂದಕ್ಕೆ ತರುತ್ತಾ ಹಿಡಿಯುತ್ತೇವಲ್ಲ, ಹಾಗೆ.

ಮೂರನೆಯದೇ ಮುಖ್ಯ. ಕಣ್ಣು. ಕೋಚ್ ಹೇಳಿದ್ದು ಇಷ್ಟು: "ಬಹಳ ಸಲ ಚೆಂಡು ಬೀಳುವುದು ಕೈಯ ತಪ್ಪಿನಿಂದಲ್ಲ. ಚೆಂಡು ಕೈ ಸೇರುವ ಮೊದಲೇ ನಿಮ್ಮ ಕಣ್ಣು ಮುಂದಕ್ಕೆ ಓಡಿರುತ್ತದೆ." ಯಾವ ಕಡೆ ಓಡಲಿ, ಯಾರು ಅಡ್ಡ ಬರುತ್ತಾರೆ ಎಂದು ನೋಡುವ ಆ ಅರೆಕ್ಷಣದಲ್ಲಿ ಚೆಂಡು ಜಾರುತ್ತದೆ. ಕೈಗೆ ಬಂದ ಮೇಲೂ ನೋಡುತ್ತಿರಬೇಕು. ಬೆರಳು ಚೆಂಡಿನ ಮೂತಿಯನ್ನು ಮುಚ್ಚಿ, ಮುಂಗೈ ಅದನ್ನು ಒತ್ತಿ, ಚೆಂಡಿನ ಇನ್ನೊಂದು ತುದಿ ಕಂಕುಳಿಗೆ ಸೇರುವ ತನಕ ನೋಡಬೇಕು. ಓಟ ಆಮೇಲೆ.

ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಬಹಳ ವರ್ಷ ಕುಳಿತವನು ನಾನು. ನೋಟು ಎಣಿಸುವಾಗ ಕಣ್ಣು ಕೈಯಲ್ಲಿರುವ ನೋಟಿನ ಮೇಲಿರಬೇಕು. ಸರದಿ ಎಷ್ಟು ಉದ್ದವಿದೆ ಎಂದು ಒಂದು ಸಲ ತಲೆ ಎತ್ತಿದರೆ ಸಾಕು, ಸಂಜೆ ಲೆಕ್ಕ ಕೂಡುವುದಿಲ್ಲ. ನಾನು ಹಾಗೆ ಕೈಯಿಂದ ಹಣ ಕಟ್ಟಿದ್ದೂ ಉಂಟು. ಮಾರನೆಯ ದಿನ, ಮತ್ತೆ ತಪ್ಪಿದರೆ ಏನು ಗತಿ ಎಂದು ನಡುಗುತ್ತಾ ಎಣಿಸಿದಾಗ ಇನ್ನಷ್ಟು ತಪ್ಪುತ್ತಿತ್ತು.

ಇಟ್ಟಿಗೆ ಹಿಡಿದ ಕೈ, ಕಣ್ಣಿನ ತಾತ

ಕೈಯಿಂದ ಬಿಟ್ಟು ಬಿಟ್ಟೇ ದೊಡ್ಡವರಾದವರ ಕತೆ ಆ ಆಟದಲ್ಲಿ ಬೇಕಾದಷ್ಟಿದೆ. ಎಲ್ಲಕ್ಕಿಂತ ದೊಡ್ಡ ಹೆಸರು ಜೆರ್ರಿ ರೈಸ್. ಮಿಸಿಸಿಪ್ಪಿ ರಾಜ್ಯದ ಹಳ್ಳಿಯ ಹುಡುಗ, ಅಪ್ಪ ಗಾರೆ ಕೆಲಸದವರು. ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಸಾರುವೆಯ ಮೇಲೆ ನಿಂತು ಹಿಡಿಯುವುದು ಅವರ ಪಾಲಿನ ಕೆಲಸವಾಗಿತ್ತು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಾರ್ಟಿ ನೈನರ್ಸ್ ತಂಡಕ್ಕೆ ಸೇರಿದರು. ಇಟ್ಟಿಗೆ ಹಿಡಿದ ಆ ಕೈ ಮೊದಲ ವರ್ಷ ಎಷ್ಟು ಚೆಂಡು ಬಿಟ್ಟಿತೆಂದರೆ, ಸ್ವಂತ ಊರಿನ ಪ್ರೇಕ್ಷಕರೇ ಕೂಗಿ ಅಣಕಿಸಿದರು. ಆ ವರ್ಷ ಹಿಡಿದದ್ದು 49 ಚೆಂಡು. ಮರುವರ್ಷ 86. ಇಪ್ಪತ್ತು ವರ್ಷ ಆಡಿ ನಿಲ್ಲಿಸುವಾಗ ಒಟ್ಟು 1,549. ಚೆಂಡು ಹಿಡಿದು ಅವರು ಗಳಿಸಿದ ದೂರ 22,895 ಗಜ, ಅಂದರೆ ಸುಮಾರು 21 ಕಿಲೋಮೀಟರ್. ಎರಡು ದಾಖಲೆಗಳೂ ಇಂದಿಗೂ ಅವರ ಹೆಸರಿನಲ್ಲೇ ಇವೆ. ಮೊದಲ ವರ್ಷದ ಕೂಗಾಟಕ್ಕೆ ಹೆದರಿ ಮನೆಗೆ ಹೋಗಿದ್ದರೆ?

ಅವರಿಗಿಂತ ಹಿಂದಿನವರು ಬಾಲ್ಟಿಮೋರ್ ಕೋಲ್ಟ್ಸ್ ತಂಡದ ರೇಮಂಡ್ ಬೆರ್ರಿ. ಕಣ್ಣು ಮಂದ, ಓಟವೂ ಅಷ್ಟಕ್ಕಷ್ಟೆ. ಅಭ್ಯಾಸಕ್ಕೆ ಜೊತೆ ಯಾರೂ ಸಿಗದಾಗ ಹೆಂಡತಿಯ ಕೈಯಲ್ಲೇ ಚೆಂಡು ಎಸೆಸಿಕೊಂಡು ಹಿಡಿಯುತ್ತಿದ್ದರು. ಬೆರಳು ಗಟ್ಟಿಯಾಗಲೆಂದು ಮಕ್ಕಳು ಆಡುವ ರಬ್ಬರಿನಂಥ ಮುದ್ದೆಯನ್ನು ಸದಾ ಹಿಸುಕುತ್ತಿದ್ದರು. ನಮ್ಮ ಮನೆಗಳಲ್ಲಾದರೆ ಚಪಾತಿ ಹಿಟ್ಟು ಕಲಸಿದರೆ ಸಾಕು, ಅಜ್ಜಿಗೂ ಉಪಕಾರ! ಈ ಬೆರ್ರಿ 1958ರ ಚಾಂಪಿಯನ್‌ಷಿಪ್ ಪಂದ್ಯದಲ್ಲಿ 12 ಚೆಂಡು ಹಿಡಿದು ತಂಡವನ್ನು ಗೆಲ್ಲಿಸಿದರು.

ಮೂರನೆಯವರ ಕತೆ ನಮ್ಮಂಥ ಅಜ್ಜಂದಿರಿಗಾಗಿ. ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರ ತಾತ ಶಿಕಾಗೋ ನಗರದಲ್ಲಿ ಕಣ್ಣು ಪರೀಕ್ಷಕರಾಗಿದ್ದರು. ಮೊಮ್ಮಗ ರಜೆಗೆ ಬಂದಾಗ ಕಣ್ಣು ಮತ್ತು ಕೈ ಒಟ್ಟಿಗೆ ಕೆಲಸ ಮಾಡುವಂಥ ವ್ಯಾಯಾಮಗಳನ್ನು ಮಾಡಿಸುತ್ತಿದ್ದರು. ಆ ಮೊಮ್ಮಗ 2004ರಿಂದ 17 ವರ್ಷ ಅರಿಜೋನಾ ಕಾರ್ಡಿನಲ್ಸ್ ತಂಡದಲ್ಲಿ ಆಡಿ 1,432 ಚೆಂಡು ಹಿಡಿದರು. ಅವರಿಗಿಂತ ಹೆಚ್ಚು ಹಿಡಿದವರು ಜೆರ್ರಿ ರೈಸ್ ಒಬ್ಬರೇ.

ಈ ಕತೆ ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ.

ಹಿತ್ತಿಲಿನ ಲೆಕ್ಕದ ಪುಸ್ತಕ

ಮಗ ಹೊಸ ಕೈಗವಸು ಕೊಡಿಸುತ್ತೇನೆ ಎಂದ. ಈಗಿನ ಗವಸುಗಳು ಚೆಂಡಿಗೆ ಅಂಟಿಕೊಳ್ಳುವ ಹಾಗಿರುತ್ತವೆ. ಒಂದು ಕಾಲದಲ್ಲಿ ಆಟಗಾರರು ಕೈಗೆ ಅಂಟನ್ನೇ ಬಳಿದುಕೊಂಡು ಆಡುತ್ತಿದ್ದರಂತೆ! ಅದು ಅತಿಯಾಗಿ, 1981ರಲ್ಲಿ ಅಲ್ಲಿನ ದೊಡ್ಡ ಲೀಗ್ ಅದನ್ನು ನಿಷೇಧಿಸಿತು. "ಗವಸು ಆಮೇಲೆ, ಮೊದಲು ಬರಿಗೈಯಲ್ಲಿ ಹಿಡಿ" ಎಂದು ಕೋಚ್ ಹೇಳಿದ್ದರು. ಹಾಗಾಗಿ ನಮ್ಮ ಅಭ್ಯಾಸಕ್ಕೆ ಬಂದ ಖರ್ಚು ಆರು ಟೆನಿಸ್ ಚೆಂಡು, ಒಂದು ಮಾರ್ಕರ್ ಪೆನ್ನು, ಒಂದು ನೋಟ್‌ಬುಕ್.

"ತಾತ, ನೀನು ಎಸೀತೀಯಾ? ನಿನ್ನ ಭುಜ ನೋಯಲ್ವಾ?" ಎಂದ ಮೊಮ್ಮಗ.

"ಕುರ್ಚಿ ಹಾಕ್ಕೊಂಡು ಕೆಳಗಿಂದ ಎಸೀತೀನಿ. ಕೆಳಗಿಂದ ಎಸೆಯೋಕೆ ಭುಜ ಬೇಡ" ಎಂದೆ.

ಚೆಂಡುಗಳ ಮೇಲೆ ಒಂದರಿಂದ ಆರರ ತನಕ ಅಂಕಿ ಬರೆದೆವು. ನಾನು ಹತ್ತು ಅಡಿ ದೂರದಿಂದ ಎಸೆಯಬೇಕು. ಅವನು ಹಿಡಿದು ಯಾವ ಅಂಕಿ ಎಂದು ಕೂಗಬೇಕು. ಅಂಕಿ ಕಾಣಬೇಕಾದರೆ ಚೆಂಡನ್ನು ಕೊನೆಯ ತನಕ ನೋಡಲೇಬೇಕು. 'ನೋಡು, ನೋಡು' ಎಂದು ನಾವು ನೂರು ಸಲ ಅರಚುವ ಅಗತ್ಯವೇ ಇಲ್ಲ. ಆಮೇಲೆ ಒಂದೇ ಕೈಯಲ್ಲಿ, ಮಂಡಿಯೂರಿ. ಆಮೇಲೆ ನನಗೆ ಬೆನ್ನು ಮಾಡಿ ನಿಂತು, ನಾನು 'ಹೂಂ' ಎಂದಾಗ ತಿರುಗಿ. ಕಡೆಗೆ ಫುಟ್‌ಬಾಲಿನಲ್ಲೇ: ಮೊದಲು ನಿಂತು, ಆಮೇಲೆ ನಡೆಯುತ್ತಾ, ಆಮೇಲೆ ಓಡುತ್ತಾ. ಪಕ್ಕದ ಮನೆಯ ಹುಡುಗ ಬಂದ ದಿನ ನಡುವೆ ನಿಂತು ಕೈ ಬೀಸುತ್ತಿದ್ದ. ಪಂದ್ಯದಲ್ಲಿ ಅಡ್ಡ ಬರುವವರು ಇದ್ದೇ ಇರುತ್ತಾರಲ್ಲ, ಅದಕ್ಕೆ ಆ ಅಭ್ಯಾಸ.

ಹಳೆಯ ಚಾಳಿ, ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆದೆ. ತಾರೀಕು, ಎಸೆದದ್ದು, ಬಿಟ್ಟದ್ದು, ಕಾರಣ. ಕಾರಣವನ್ನು ನಾನು ಬರೆಯುವಂತಿಲ್ಲ, ಅವನೇ ಹೇಳಬೇಕು. ಮೊದಲ ಸಂಜೆ ಐವತ್ತರಲ್ಲಿ ಹದಿನಾಲ್ಕು ಬಿಟ್ಟ. ಅದರಲ್ಲಿ ಒಂಬತ್ತರ ಮುಂದೆ 'ಕಣ್ಣು' ಎಂದು ಬರೆಸಿದ. ಉಳಿದವು 'ಕೈ', 'ಅವಸರ'. ವಾರ ಕಳೆದಂತೆ 'ಕಣ್ಣು' ಕಡಿಮೆಯಾಗುತ್ತಾ ಬಂತು.

ಆದರೆ ಒಂದು ವಿಚಿತ್ರ ಕಂಡಿತು. ಸಂಜೆ ಆರರ ಹೊತ್ತಿಗೆ, ಅಷ್ಟು ಹೊತ್ತು ಚೆನ್ನಾಗಿ ಹಿಡಿಯುತ್ತಿದ್ದವನು ಸಾಲಾಗಿ ಎರಡು ಮೂರು ಬಿಡುತ್ತಿದ್ದ. ಯಾಕೋ ಎಂದು ಕೇಳಿದರೆ ಮಾತಿಲ್ಲ. ಮೂರನೇ ದಿನ ಮೆಲ್ಲಗೆ "ಭಯ ಅಂತ ಬರಿ, ತಾತ" ಎಂದ. ಏನಪ್ಪಾ ಭಯ ಎಂದು ನಾನು ಯೋಚಿಸುತ್ತಿರುವಾಗಲೇ ಮನೆಯ ಮುಂದೆ ಗ್ಯಾರೇಜಿನ ಬಾಗಿಲು ಗರಗರ ಮೇಲೇಳುವ ಸದ್ದಾಯಿತು. ಅವನಪ್ಪ ಕೆಲಸದಿಂದ ಬಂದಿದ್ದ.

ಮೈಮೇಲೆ ಬೀಳಲು ಬರುವ ಎದುರಾಳಿಗೆ ಹೆದರಿ ಚೆಂಡು ಬಿಟ್ಟವನನ್ನು ಕುರಿತು ಆ ಆಟದಲ್ಲಿ ಒಂದು ಮಾತಿದೆ: ಅವನಿಗೆ ಹೆಜ್ಜೆ ಸದ್ದು ಕೇಳಿಸಿತು ಎನ್ನುತ್ತಾರೆ. ನನ್ನ ಮೊಮ್ಮಗನಿಗೆ ಕೇಳಿಸುತ್ತಿದ್ದ ಹೆಜ್ಜೆ ಸದ್ದು ಎದುರಾಳಿಯದ್ದಾಗಿರಲಿಲ್ಲ.

ಹಾಸನದ ಒಂದು ಭಾನುವಾರ

ಆ ರಾತ್ರಿ ನೋಟ್‌ಬುಕ್ ಊಟದ ಮೇಜಿನ ಮೇಲಿತ್ತು. ಮಗ ತಿರುವಿ ನೋಡಿದ. "ಲೆಕ್ಕ ಚೆನ್ನಾಗಿ ಇಟ್ಟಿದ್ದೀರಪ್ಪ" ಎಂದು ನಕ್ಕ. ಆಮೇಲೆ, "ಇದೇನು, 'ಭಯ' ಅಂತ ಬರೆದಿದ್ದೀರಿ? ಯಾವ ಭಯ?" ಎಂದ.

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ಭಯವನ್ನು ನಮ್ಮ ಮನೆಗೆ ತಂದವನು ನಾನೇ.

ಆಗ ನಾವು ಹಾಸನದಲ್ಲಿದ್ದೆವು. ಮಗನಿಗೆ ಹನ್ನೊಂದು ವರ್ಷ. ಬಡಾವಣೆಯ ಹುಡುಗರ ಕ್ರಿಕೆಟ್ ಪಂದ್ಯ. ಭಾನುವಾರವಾದ್ದರಿಂದ ನಾನೂ ಬ್ಯಾಂಕಿನ ಗೆಳೆಯರೂ ನೋಡಲು ಹೋಗಿದ್ದೆವು. ಒಂದು ಕ್ಯಾಚ್ ನೇರ ಅವನ ಕೈಗೆ ಬಂತು, ಬಿತ್ತು. ಗೆಳೆಯರ ಮುಂದೆ ನನಗೇ ಅವಮಾನವಾದಂತೆ ಎದ್ದು ನಿಂತು ಕೂಗಿದೆ: "ಕೈಗೆ ಬಂದಿದ್ದನ್ನ ಬಿಡ್ತೀಯಲ್ಲೋ!" ಗೆಳೆಯರು ನಕ್ಕರು. ಆಮೇಲೆ ಅವನು ಆಟಕ್ಕೆ ಹೋಗುವುದು ಕಡಿಮೆಯಾಯಿತು, ಮುಂದಿನ ವರ್ಷಕ್ಕೆ ನಿಂತೇಹೋಯಿತು. ಓದಿನಲ್ಲಿ ಆಸಕ್ತಿ ಬಂದಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡೆ. ನಾನೂ ಹಾಗೆಂದೇ ನಂಬಿದ್ದೆ.

ಇದನ್ನೆಲ್ಲ ಆ ರಾತ್ರಿ ಮಗನಿಗೆ ಹೇಳಿದೆ. "ಅವತ್ತು ಕೂಗಬಾರದಿತ್ತು ಕಣಪ್ಪ. ತಪ್ಪಾಯಿತು" ಎಂದೆ. ಅವನು ಬಹಳ ಹೊತ್ತು ನೋಟ್‌ಬುಕ್ಕಿನ ಹಾಳೆ ನೋಡುತ್ತಾ ಕುಳಿತಿದ್ದ. ಕಡೆಗೆ, "ಅವತ್ತು ಬಿಸಿಲು ಕಣ್ಣಿಗೆ ಹೊಡೀತಿತ್ತಪ್ಪ. ನೀವು ಕೇಳಲೇ ಇಲ್ಲ" ಎಂದ. ಮೂವತ್ತು ವರ್ಷ ಕಳೆದಿದ್ದರೂ ಅವನು ಕಾರಣವನ್ನು ಮರೆತಿರಲಿಲ್ಲ.

ಮಾರನೆಯ ಸಂಜೆ ಗ್ಯಾರೇಜಿನ ಬಾಗಿಲು ಬೇಗ ಸದ್ದು ಮಾಡಿತು. ಮಗ ಬೂಟು ಬಿಚ್ಚದೆ ನೇರ ಹಿತ್ತಿಲಿಗೆ ಬಂದು, "ಕೊಡಿಪ್ಪಾ, ಫುಟ್‌ಬಾಲ್ ನಾನು ಎಸೀತೀನಿ. ನೀವು ಬರೀರಿ" ಎಂದ. ಮೊದಲ ನಾಲ್ಕನ್ನು ಹುಡುಗ ಬಿಟ್ಟ. ಐದನೆಯದಕ್ಕೆ ಮೊದಲು ಮಗ ಹತ್ತಿರ ಹೋಗಿ, "ಯಾಕೆ ಬಿತ್ತು?" ಎಂದು ಕೇಳಿದ. ಕೋಚ್ ಕೇಳಿದ ಹಾಗೆಯೇ. "ನೀನು ತುಂಬಾ ಜೋರಾಗಿ ಎಸೀತೀಯಪ್ಪ" ಎಂದ ಮೊಮ್ಮಗ. ಕಾರಣದ ಕಾಲಂನಲ್ಲಿ 'ಅಪ್ಪ' ಎಂದು ಬರೆದೆ. ಮೂವರೂ ನಕ್ಕೆವು.

ಮನೆಯಲ್ಲೇ ಮಾಡಿ

ಮಕ್ಕಳೇ, ನೀವು ಆಡುವುದು ಕ್ರಿಕೆಟ್, ಥ್ರೋಬಾಲ್, ಬ್ಯಾಸ್ಕೆಟ್‌ಬಾಲ್ ಯಾವುದೇ ಇರಲಿ, ಅಂಕಿ ಬರೆದ ಟೆನಿಸ್ ಚೆಂಡಿನ ಅಭ್ಯಾಸ ಮಾಡಿನೋಡಿ. ದಿನಕ್ಕೆ ಐವತ್ತು ಎಸೆತ ಸಾಕು. ಹಿಡಿದದ್ದನ್ನು ಎಣಿಸಿ, ಬಿಟ್ಟದ್ದಕ್ಕೆ ಕಾರಣ ಬರೆಯಿರಿ. 'ನನ್ನ ಕೈ ಸರಿಯಿಲ್ಲ' ಎನ್ನುವುದು ಕಾರಣವಲ್ಲ.

ಅಜ್ಜ ಅಜ್ಜಿಯರೇ, ಕುರ್ಚಿಯಲ್ಲಿ ಕುಳಿತು ಕೆಳಗಿನಿಂದ ಚೆಂಡು ಎಸೆಯಲು ಎಪ್ಪತ್ತು ದಾಟಿದವರಿಗೂ ಸಾಧ್ಯ. ಚೆಂಡು ಬಿದ್ದಾಗ ಒಂದೇ ಒಂದು ಪ್ರಶ್ನೆ ಕೇಳಿ, "ಯಾಕೆ ಬಿತ್ತು?" ಎಂದು. ದನಿ ಮಾತ್ರ ಮೆತ್ತಗಿರಲಿ.

ನಾನು ಊರಿಗೆ ಹೊರಡುವ ಮುನ್ನ ಕೊನೆಯ ಪಂದ್ಯ ಬಂತು. ಮೊದಲರ್ಧದಲ್ಲೇ ಮೊಮ್ಮಗ ಒಂದು ಚೆಂಡು ಬಿಟ್ಟ. ಹೌದು, ಮತ್ತೆ ಬಿಟ್ಟ. ಹೆಲ್ಮೆಟ್ಟಿನೊಳಗಿಂದ ಅವನ ಮುಖ ನಮ್ಮ ಕಡೆ ತಿರುಗಿತು. ಪಕ್ಕದಲ್ಲಿದ್ದ ಮಗ ಎದ್ದುನಿಂತ. ನನ್ನ ಎದೆ ಹೊಡೆದುಕೊಂಡಿತು.

"ಪರವಾಗಿಲ್ಲ ಕಣೋ! ಮುಂದಿನದು ನೋಡು!" ಎಂದು ಕೂಗಿದ. ಅದೂ ಕನ್ನಡದಲ್ಲಿ.

ಮುಂದಿನದು ಅವನತ್ತ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಸೊಂಟಕ್ಕಿಂತ ಕೆಳಗೆ ಬಂತು. ಕೈ ತಿರುಗಿ ಬೊಗಸೆಯಾಯಿತು. ತಲೆ ಬಗ್ಗಿಸಿ, ಚೆಂಡು ಕಂಕುಳಿಗೆ ಸೇರುವ ತನಕ ನೋಡಿದ. ಆಮೇಲೆ ಓಡಿದ. ಆರು ಗಜ ಹೋಗುವಷ್ಟರಲ್ಲಿ ಇಬ್ಬರು ಬಂದು ಬೀಳಿಸಿದರು. ಚೆಂಡು ಕೈಯಲ್ಲೇ ಇತ್ತು.

ಪಂದ್ಯ ಸೋತರು. ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ ಮಗ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು ನೋಟ್‌ಬುಕ್ ತೆಗೆದು ಅಂದಿನ ಲೆಕ್ಕ ಬರೆದೆ: ಬಂದದ್ದು ಎರಡು, ಬಿಟ್ಟದ್ದು ಒಂದು, ಕಾರಣ ಅವಸರ.